ಕೀಮೋ ಮುಗಿದ ಮೇಲಿನ ಕೆಮ್ಮು



ಕೀಮೋಥೆರಪಿ ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಬೋಳಾದ ತಲೆ, ವಾಂತಿ, ಬಾಯಿಹುಣ್ಣು, ಊಟ ಸೇರದಿರುವುದು. ಮನೆಯಲ್ಲಿ ಯಾರಿಗಾದರೂ ಕೀಮೋ ಶುರುವಾಗಿದೆ ಎಂದರೆ ನೋಡಲು ಬಂದ ನೆಂಟರು ಮೊದಲು ವಿಚಾರಿಸುವುದೇ ಕೂದಲ ಸಮಾಚಾರ. ಇವೆಲ್ಲ ಕಣ್ಣಿಗೆ ಕಾಣುವ ತೊಂದರೆಗಳು. ಹೆಚ್ಚಿನವು ಚಿಕಿತ್ಸೆ ಮುಗಿದು ಕೆಲವು ತಿಂಗಳಲ್ಲಿ ತಾವಾಗಿಯೇ ಸರಿಹೋಗುತ್ತವೆ. ಉದುರಿದ ಕೂದಲು ಮತ್ತೆ ಬರುತ್ತದೆ, ನಾಲಿಗೆಗೆ ರುಚಿ ಹತ್ತುತ್ತದೆ.

ಕಣ್ಣಿಗೆ ಕಾಣದ ತೊಂದರೆಯೂ ಒಂದಿದೆ. ಅದು ಬರುವುದು ಶ್ವಾಸಕೋಶಕ್ಕೆ. ಕೀಮೋ ನಡೆಯುತ್ತಿರುವಾಗಲೋ, ಮುಗಿದು ಎರಡು ಮೂರು ತಿಂಗಳಾದ ಮೇಲೋ ಒಂದು ಒಣಕೆಮ್ಮು ಶುರುವಾಗುತ್ತದೆ. ಕಫವಿಲ್ಲ, ಗಂಟಲು ನೋವಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು. ಕೀಮೋ ತೆಗೆದುಕೊಂಡವರಿಗೆ ಸುಸ್ತು ಇರುವುದು ಸಹಜವೆಂದು ಮನೆಯವರೂ ಸುಮ್ಮನಾಗುತ್ತಾರೆ, ರೋಗಿಯೂ ಸುಮ್ಮನಾಗುತ್ತಾನೆ. ಹಾಗೆ ಸುಮ್ಮನಾಗಬಾರದು ಎಂಬುದೊಂದೇ ನನ್ನ ಇವತ್ತಿನ ಮಾತು. ಉಳಿದದ್ದೆಲ್ಲ ಅದರ ವಿವರಣೆ.

ಶ್ವಾಸಕೋಶಕ್ಕೆ ಪೆಟ್ಟು ಕೊಡಬಲ್ಲ ಕ್ಯಾನ್ಸರ್ ಔಷಧಿಗಳು ಹತ್ತಾರು ಇವೆ. ಅವುಗಳಲ್ಲಿ ವೈದ್ಯರು ಹೆಚ್ಚು ಅಧ್ಯಯನ ಮಾಡಿದ್ದು ಬ್ಲಿಯೋಮೈಸಿನ್ ಎಂಬ ಔಷಧಿಯನ್ನು. ಅದನ್ನು ಕಂಡುಹಿಡಿದವರು ಜಪಾನಿನ ವಿಜ್ಞಾನಿ ಹಮಾವೊ ಉಮೆಜಾವಾ. ಕ್ಷಯರೋಗಕ್ಕೆ ಬಳಸುತ್ತಿದ್ದ ಕೆನಮೈಸಿನ್ ಕೂಡ ಅವರದೇ ಕೊಡುಗೆ. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳಿಂದ ಔಷಧಿ ಹುಡುಕುವುದು ಅವರ ಕಸುಬು. ಫುಕುವೊಕಾ ಪ್ರಾಂತ್ಯದ ಕಲ್ಲಿದ್ದಲು ಗಣಿಯೊಂದರ ಮಣ್ಣಿನಲ್ಲಿ ಸಿಕ್ಕ ಬ್ಯಾಕ್ಟೀರಿಯಾದಿಂದ ಅವರ ತಂಡ ಬ್ಲಿಯೋಮೈಸಿನ್ ತೆಗೆಯಿತು. 1966ರಲ್ಲಿ ಅದರ ವರದಿ ಪ್ರಕಟವಾಯಿತು.

ಈ ಔಷಧಿಯ ಉಪಕಾರವನ್ನು ಮೊದಲು ಹೇಳಬೇಕು. 1970ರ ದಶಕದವರೆಗೆ ವೃಷಣದ ಕ್ಯಾನ್ಸರ್ ದೇಹದ ಬೇರೆ ಭಾಗಗಳಿಗೆ ಹರಡಿದರೆ ಬದುಕುವವರು ಬಹಳ ಕಡಿಮೆ. ಈ ಕಾಯಿಲೆ ಬರುವುದೇ ಹೆಚ್ಚಾಗಿ ಇಪ್ಪತ್ತು ಮೂವತ್ತರ ಹುಡುಗರಿಗೆ. 1974ರಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ವೈದ್ಯ ಲಾರೆನ್ಸ್ ಐನ್‌ಹಾರ್ನ್ ಅವರು ಸಿಸ್‌ಪ್ಲಾಟಿನ್, ವಿನ್‌ಬ್ಲಾಸ್ಟಿನ್, ಬ್ಲಿಯೋಮೈಸಿನ್ ಈ ಮೂರನ್ನೂ ಸೇರಿಸಿ ಕೊಡಲು ಆರಂಭಿಸಿದರು. ಸಾವೇ ಗತಿ ಎಂದುಕೊಂಡಿದ್ದ ಯುವಕರು ಗುಣವಾಗಿ ಮನೆಗೆ ಹೋದರು. ನಮ್ಮ ಕ್ರಿಕೆಟಿಗ ಯುವರಾಜ್ ಸಿಂಗ್ 2012ರಲ್ಲಿ ಅಮೆರಿಕಕ್ಕೆ ಹೋಗಿ ಚಿಕಿತ್ಸೆ ಪಡೆದದ್ದು ಇದೇ ಐನ್‌ಹಾರ್ನ್ ಅವರಿಂದ. ಮುಂದೆ ವಿನ್‌ಬ್ಲಾಸ್ಟಿನ್ ಜಾಗಕ್ಕೆ ಎಟೊಪೊಸೈಡ್ ಬಂತು. ದುಗ್ಧರಸ ಗ್ರಂಥಿಗಳಿಗೆ ಬರುವ ಹಾಡ್ಜ್‌ಕಿನ್ ಲಿಂಫೋಮಾ ಎಂಬ ಕ್ಯಾನ್ಸರಿಗೂ ನಾಲ್ಕು ಔಷಧಿಗಳ ಒಂದು ಕಟ್ಟು ಇದೆ. ಅದರಲ್ಲಿಯೂ ಬ್ಲಿಯೋಮೈಸಿನ್ ಸೇರಿದೆ.

ಇದಕ್ಕೆ ಇನ್ನೊಂದು ಗುಣವಿದೆ. ಹೆಚ್ಚಿನ ಕೀಮೋ ಔಷಧಿಗಳು ಮೂಳೆಯ ಮಜ್ಜೆಗೆ ಹೊಡೆಯುತ್ತವೆ, ರಕ್ತಕಣಗಳು ಇಳಿಯುತ್ತವೆ. ಬ್ಲಿಯೋಮೈಸಿನ್ ಮಜ್ಜೆಯ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಹಾಗಾಗಿಯೇ ಬೇರೆ ಔಷಧಿಗಳ ಜೊತೆ ಸೇರಿಸಲು ಅನುಕೂಲ. ಆದರೆ ಅದು ಹೋಗಿ ಕಾಡುವುದು ಶ್ವಾಸಕೋಶವನ್ನು.

ಏಕೆ ಶ್ವಾಸಕೋಶವನ್ನೇ? ಬ್ಲಿಯೋಮೈಸಿನ್ ದೇಹದೊಳಗೆ ಕಬ್ಬಿಣದ ಅಂಶವನ್ನು ಹಿಡಿದುಕೊಳ್ಳುತ್ತದೆ, ಆಮ್ಲಜನಕದ ಜೊತೆ ಸೇರಿ ಜೀವಕೋಶದ ಡಿಎನ್‌ಎಯನ್ನು ತುಂಡರಿಸುತ್ತದೆ. ಕ್ಯಾನ್ಸರ್ ಕೋಶ ಸಾಯುವುದು ಹೀಗೆ. ದೇಹದ ಉಳಿದ ಅಂಗಗಳಲ್ಲಿ ಈ ಔಷಧಿಯನ್ನು ಒಡೆದು ನಿರ್ವಿಷ ಮಾಡುವ ಒಂದು ಕಿಣ್ವ ಇದೆ. ಆ ಕಿಣ್ವ ತೀರ ಕಡಿಮೆ ಇರುವ ಜಾಗಗಳು ಎರಡು. ಒಂದು ಚರ್ಮ, ಇನ್ನೊಂದು ಶ್ವಾಸಕೋಶ. ಆಮ್ಲಜನಕ ಹೇರಳವಾಗಿರುವ ಅಂಗವೂ ಶ್ವಾಸಕೋಶವೇ. ವಿಷ ಇಳಿಸುವ ಕಿಣ್ವ ಕಡಿಮೆ, ವಿಷಕ್ಕೆ ಬಲ ಕೊಡುವ ಆಮ್ಲಜನಕ ಬೇಕಾದಷ್ಟು. ಹಾಗಾಗಿ ಪೆಟ್ಟು ಅಲ್ಲಿಗೇ ಬೀಳುತ್ತದೆ.

ಚರ್ಮದ ಮೇಲೆ ಇದರ ಗುರುತು ಕೆಲವರಲ್ಲಿ ಕಾಣಿಸಿಕೊಳ್ಳುತ್ತದೆ. ಬೆನ್ನು, ಭುಜ, ಎದೆಯ ಮೇಲೆ ಚಾಟಿಯಿಂದ ಬಾರಿಸಿದಂತೆ ಅಡ್ಡಾದಿಡ್ಡಿ ಕಂದು ಗೆರೆಗಳು ಮೂಡುತ್ತವೆ. ತುರಿಕೆ ಇರುತ್ತದೆ. ಎಷ್ಟೋ ಜನ ಅದನ್ನು ಅಲರ್ಜಿ ಎಂದುಕೊಂಡು ಮುಲಾಮು ಹಚ್ಚುತ್ತಾರೆ. ಶ್ವಾಸಕೋಶದ ಒಳಗೆ ಆಗುವುದು ಹೊರಗೆ ಕಾಣುವುದಿಲ್ಲ. ನಮ್ಮ ಶ್ವಾಸಕೋಶದಲ್ಲಿ ಗಾಳಿ ತುಂಬುವ ಪುಟ್ಟ ಚೀಲಗಳು ಮೂವತ್ತು ಕೋಟಿಗೂ ಹೆಚ್ಚು. ಗಾಳಿಗೂ ರಕ್ತಕ್ಕೂ ನಡುವಿನ ಗೋಡೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ತೆಳು. ಔಷಧಿಯ ಪೆಟ್ಟಿಗೆ ಆ ಗೋಡೆ ಊದಿಕೊಳ್ಳುತ್ತದೆ. ಊತ ಆಗಲೇ ಇಳಿದರೆ ಸರಿ. ಇಳಿಯದಿದ್ದರೆ ಅಲ್ಲಿ ನಾರು ಕಟ್ಟಲು ಶುರುವಾಗುತ್ತದೆ. ಮೆತ್ತಗಿದ್ದ ಪಂಚೆಗೆ ಗಟ್ಟಿ ಗಂಜಿ ಹಾಕಿ ಒಣಗಿಸಿದ ಹಾಗೆ ಶ್ವಾಸಕೋಶ ಬಿರುಸಾಗುತ್ತದೆ. ಪಂಚೆಯ ಗಂಜಿಯಾದರೆ ತೊಳೆದರೆ ಹೋದೀತು, ಇದು ಹೋಗುವುದಿಲ್ಲ. ಎದೆಯ ಗೂಡು ಹಿಗ್ಗಿದರೂ ಒಳಗೆ ಗಾಳಿ ಸಾಲದು, ಬಂದ ಗಾಳಿಯಿಂದ ಆಮ್ಲಜನಕ ರಕ್ತಕ್ಕೆ ದಾಟದು.

ಓಪಿಡಿಯಲ್ಲಿ ಕಂಡ ಒಂದು ಪ್ರಸಂಗ ಹೇಳುತ್ತೇನೆ, ಗುರುತು ಬಿಟ್ಟು. ಗೂಡ್ಸ್ ಆಟೋ ಓಡಿಸುವವರು, ವಯಸ್ಸು ನಲವತ್ತು ದಾಟಿದೆ. ಕತ್ತಿನ ಗಂಟಿಗೆ ಪರೀಕ್ಷೆ ಮಾಡಿಸಿ ಹಾಡ್ಜ್‌ಕಿನ್ ಲಿಂಫೋಮಾ ಎಂದು ಗೊತ್ತಾಗಿ, ಕೀಮೋ ಮುಗಿಸಿದ್ದರು. ಗಂಟು ಪೂರ್ತಿ ಕರಗಿತ್ತು. ಹೆಂಡತಿ ಬಲವಂತವಾಗಿ ಕರೆದುಕೊಂಡು ಬಂದಿದ್ದರು.

“ಕ್ಯಾನ್ಸರ್ ವಾಸಿ ಆಗೋಗಿದೆ ಅಂದ್ರು ಸಾರ್. ಇದು ಬರೀ ಕೆಮ್ಮು” ಅಂದರು ಅವರು.

“ಬರೀ ಕೆಮ್ಮಲ್ಲ ಸಾರ್” ಎಂದರು ಹೆಂಡತಿ. “ನೀರಿನ ಕ್ಯಾನ್ ಎತ್ತಿ ಅಡಿಗೆಮನೆಗೆ ತರೋಷ್ಟರಲ್ಲಿ ಕೂತ್ಕೊಂಡ್‌ಬಿಡ್ತಾರೆ. ಫೋನಲ್ಲಿ ಮಾತಾಡ್ತಾ ಮಧ್ಯದಲ್ಲಿ ನಿಲ್ಸಿ ಉಸಿರು ತಗೋತಾರೆ. ಕೆಮ್ಮಿನ ಔಷಧಿ ಬಾಟ್ಲು ಎಷ್ಟು ಖಾಲಿಯಾಯ್ತೋ. ಒಬ್ರು ಟೀಬಿ ಇರ್ಬೋದು ಅಂದ್ರು.”

ಬೆರಳಿಗೆ ಆಕ್ಸಿಮೀಟರ್ ಹಾಕಿದಾಗ 96 ತೋರಿಸಿತು. ಕುಳಿತಲ್ಲಿ ನೋಡಿದರೆ ಏನೂ ತೊಂದರೆಯಿಲ್ಲ. ವರಾಂಡದಲ್ಲಿ ಆರು ನಿಮಿಷ ನಡೆಸಿದೆವು. ಮೂರನೆಯ ಸುತ್ತಿಗೆ 92, ಕೊನೆಗೆ 87. ಬೆನ್ನಿನ ಕೆಳಭಾಗಕ್ಕೆ ಸ್ಟೆತಸ್ಕೋಪ್ ಇಟ್ಟರೆ ಉಸಿರು ಒಳಗೆ ಎಳೆದುಕೊಳ್ಳುವಾಗಲೆಲ್ಲ ಸಣ್ಣಗೆ ಚರಚರ ಸದ್ದು. ಯಾವ ಯಾವ ಔಷಧಿ ಕೊಟ್ಟಿದ್ದರು ಎಂದು ಕೇಳಿದೆ.

“ಕೆಂಪುದೊಂದು ನೆನಪಿದೆ ಸಾರ್, ಉಚ್ಚೆನೂ ಕೆಂಪಗೆ ಹೋಗೋದು. ಉಳಿದಿದ್ದೆಲ್ಲ ನೀರಿನ ಥರ ಇತ್ತು.”

ಆ ಕೆಂಪು ಔಷಧಿ ಡಾಕ್ಸೊರುಬಿಸಿನ್. ಕೀಮೋ ವಾರ್ಡಿನಲ್ಲಿ ಮಲಗಿದ ಎಲ್ಲರಿಗೂ ಅದರ ನೆನಪಿರುತ್ತದೆ. ಅದೇ ಕಟ್ಟಿನಲ್ಲಿದ್ದ ಬ್ಲಿಯೋಮೈಸಿನ್‌ಗೆ ಅಂಥ ಗುರುತೇನೂ ಇಲ್ಲ. ಹೆಂಡತಿ ಪ್ಲಾಸ್ಟಿಕ್ ಕವರಿನಿಂದ ಫೈಲು ತೆಗೆದು ಮುಂದಿಟ್ಟರು. ಪ್ರತಿ ಸಲದ ಔಷಧಿ, ಪ್ರಮಾಣ, ತಾರೀಖು ಎಲ್ಲ ಅದರಲ್ಲಿತ್ತು. ಅರ್ಧ ರೋಗನಿರ್ಣಯ ಅಲ್ಲಿಯೇ ಆಯಿತು.

ಉಳಿದ ಅರ್ಧ ಸುಲಭವಲ್ಲ. ಇದು ಔಷಧಿಯಿಂದಲೇ ಆದದ್ದು ಎಂದು ಖಚಿತವಾಗಿ ಹೇಳುವ ಒಂದೇ ಒಂದು ಪರೀಕ್ಷೆ ಇಲ್ಲ. ಕೀಮೋ ಪಡೆಯುವವರಲ್ಲಿ ರೋಗನಿರೋಧಕ ಶಕ್ತಿ ತಗ್ಗಿರುತ್ತದೆ, ನ್ಯುಮೋನಿಯಾ ಬರಬಹುದು. ಕ್ಷಯ ನಮ್ಮ ದೇಶದಲ್ಲಿ ಯಾರಿಗೂ ಬರಬಹುದು. ಕ್ಯಾನ್ಸರೇ ಶ್ವಾಸಕೋಶಕ್ಕೆ ಹರಡಿರಬಹುದು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಎದೆಗೆ ಬಂದು ಸಿಕ್ಕಿಕೊಂಡಿರಬಹುದು. ಕೆಂಪು ಔಷಧಿಯಿಂದ ಹೃದಯ ಸೋತಿರಬಹುದು. ಎಲ್ಲದರ ಮುಖವೂ ಕೆಮ್ಮು ಮತ್ತು ಏದುಸಿರೇ. ಒಂದೊಂದನ್ನೂ ಅಲ್ಲಗಳೆಯುತ್ತ ಬಂದು ಕೊನೆಗೆ ಉಳಿದದ್ದು ಔಷಧಿ ಎಂದು ತೀರ್ಮಾನಿಸಬೇಕು. ಅದಕ್ಕೆ ಎದೆಯ ಸೀಟಿ ಸ್ಕ್ಯಾನ್, ಕಫದ ಪರೀಕ್ಷೆ, ಕೆಲವೊಮ್ಮೆ ಬ್ರಾಂಕೋಸ್ಕೋಪಿ ಬೇಕಾಗುತ್ತದೆ. ಸಾಧಾರಣ ಎಕ್ಸ್‌ರೇಯಲ್ಲಿ ಮೊದಮೊದಲ ಬದಲಾವಣೆ ಕಾಣದೇ ಇರಬಹುದು. ಆದ್ದರಿಂದ ‘ಎಕ್ಸ್‌ರೇ ಚೆನ್ನಾಗಿದೆ’ ಎಂಬ ಮಾತಿಗೆ ಸಮಾಧಾನಪಟ್ಟುಕೊಂಡು ಕೂರುವ ಹಾಗಿಲ್ಲ.

ಡಿಎಲ್‌ಸಿಓ ಎಂಬ ಇನ್ನೊಂದು ಪರೀಕ್ಷೆ ಇದೆ. ಮೂಗಿಗೆ ಕ್ಲಿಪ್ ಹಾಕಿ, ಬಾಯಲ್ಲಿ ಕೊಳವೆ ಇಟ್ಟು, ಅತ್ಯಲ್ಪ ಕಾರ್ಬನ್ ಮೊನಾಕ್ಸೈಡ್ ಬೆರೆಸಿದ ಗಾಳಿ ಎಳೆದುಕೊಂಡು ಹತ್ತು ಸೆಕೆಂಡ್ ಉಸಿರು ಹಿಡಿಯಬೇಕು. ಅದರಲ್ಲಿ ಎಷ್ಟು ರಕ್ತಕ್ಕೆ ದಾಟಿತು ಎಂಬುದನ್ನು ಯಂತ್ರ ಲೆಕ್ಕ ಹಾಕುತ್ತದೆ. ನೋವಿಲ್ಲ, ಸೂಜಿಯಿಲ್ಲ. ಕೀಮೋ ಶುರುವಾಗುವ ಮೊದಲೇ ಒಮ್ಮೆ ಮಾಡಿಸಿಟ್ಟರೆ ಮುಂದೆ ಹೋಲಿಸಿ ನೋಡಲು ಆಧಾರ ಸಿಗುತ್ತದೆ.

ಯಾರಿಗೆ ಅಪಾಯ ಹೆಚ್ಚು? ಬ್ಲಿಯೋಮೈಸಿನ್ ಪಡೆದವರಲ್ಲಿ ನೂರಕ್ಕೆ ಹತ್ತು ಮಂದಿಗೆ ಶ್ವಾಸಕೋಶದ ತೊಂದರೆ ಬರಬಹುದು ಎಂಬುದು ಸಾಮಾನ್ಯ ಅಂದಾಜು. ಜೀವಕ್ಕೆ ಎರವಾಗುವುದು ನೂರಕ್ಕೆ ಒಂದೆರಡು. ಒಟ್ಟು ಪ್ರಮಾಣ 400 ಯೂನಿಟ್ ದಾಟಿದರೆ ಅಪಾಯ ಏರುತ್ತ ಹೋಗುತ್ತದೆ. ವೃಷಣದ ಕ್ಯಾನ್ಸರಿಗೆ ವಾರಕ್ಕೆ 30 ಯೂನಿಟ್‌ನಂತೆ ತಲಾ ಮೂರು ವಾರದ ಮೂರು ಸುತ್ತು ಕೊಟ್ಟರೆ 270, ನಾಲ್ಕು ಸುತ್ತಿಗೆ 360. ಅಂದರೆ ಚಿಕಿತ್ಸೆಯ ಲೆಕ್ಕಾಚಾರವೇ ಆ ಗಡಿಯ ಒಳಗಿರುವಂತೆ ಇದೆ. ಆದರೂ ಕಡಿಮೆ ಪ್ರಮಾಣದಲ್ಲೇ ತೊಂದರೆಗೆ ಸಿಕ್ಕವರು ಇದ್ದಾರೆ. ನಲವತ್ತು ದಾಟಿದವರು, ಬೀಡಿ ಸಿಗರೇಟು ಸೇದುವವರು, ಎದೆಗೆ ರೇಡಿಯೇಶನ್ ಪಡೆದವರು, ನಮ್ಮ ಜನ ‘ಕರೆಂಟು ಕೊಟ್ಟರು’ ಅನ್ನುತ್ತಾರಲ್ಲ, ಅವರು ಹೆಚ್ಚು ಜೋಪಾನವಾಗಿರಬೇಕು. ಮೂತ್ರಪಿಂಡ ದುರ್ಬಲವಾಗಿದ್ದರೂ ಅಷ್ಟೇ. ಈ ಔಷಧಿಯ ಅರ್ಧಕ್ಕಿಂತ ಹೆಚ್ಚು ಪಾಲು ದೇಹದಿಂದ ಹೊರಹೋಗುವುದು ಮೂತ್ರದ ಮೂಲಕ. ಜೊತೆಗೆ ಕೊಡುವ ಸಿಸ್‌ಪ್ಲಾಟಿನ್ ಮೂತ್ರಪಿಂಡಕ್ಕೆ ಪೆಟ್ಟು ಕೊಟ್ಟರೆ ಬ್ಲಿಯೋಮೈಸಿನ್ ಒಳಗೇ ಉಳಿದು ಶ್ವಾಸಕೋಶವನ್ನು ಕಾಡುತ್ತದೆ. ಕೀಮೋ ದಿನ ಬಾಟಲಿಗಟ್ಟಲೆ ಡ್ರಿಪ್ ಹಾಕುವುದು, ಪ್ರತಿ ಸುತ್ತಿಗೂ ಕ್ರಿಯಾಟಿನಿನ್ ನೋಡುವುದು ಸುಮ್ಮನೆ ಅಲ್ಲ.

ಇನ್ನು ಆಮ್ಲಜನಕದ ವಿಚಾರ. ಇದನ್ನು ಕೇಳಿದವರಿಗೆ ಆಶ್ಚರ್ಯವಾಗುತ್ತದೆ. ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೆಯ ಅರಿವಳಿಕೆ ವೈದ್ಯರು 1978ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ವರದಿ ಪ್ರಕಟಿಸಿದರು. ಬ್ಲಿಯೋಮೈಸಿನ್ ಪಡೆದಿದ್ದ ಐದು ಜನ ಯುವ ರೋಗಿಗಳು ಆಪರೇಷನ್ ಚೆನ್ನಾಗಿ ನಡೆದರೂ ಆಮೇಲೆ ಉಸಿರಾಟ ಕೈಕೊಟ್ಟು ಒಬ್ಬರ ಹಿಂದೊಬ್ಬರು ತೀರಿಕೊಂಡಿದ್ದರು. ಆಪರೇಷನ್ ವೇಳೆ ಕೊಡುವ ಆಮ್ಲಜನಕದ ಪ್ರಮಾಣವನ್ನೂ ಡ್ರಿಪ್ಪನ್ನೂ ಹಿತಮಿತ ಮಾಡಿದ ಮೇಲೆ ಬಂದ ಹನ್ನೆರಡು ರೋಗಿಗಳೂ ಬದುಕಿದರು. ಇದರಲ್ಲಿ ಆಮ್ಲಜನಕದ ಪಾಲೆಷ್ಟು, ಡ್ರಿಪ್ಪಿನ ಪಾಲೆಷ್ಟು ಎಂಬ ಚರ್ಚೆ ಆಮೇಲೆಯೂ ನಡೆಯಿತು. ಆದರೆ ಎಚ್ಚರಿಕೆ ಮಾತ್ರ ಇಂದಿಗೂ ಉಳಿದಿದೆ. ಎಂದೋ ಬ್ಲಿಯೋಮೈಸಿನ್ ತೆಗೆದುಕೊಂಡವರು ಮುಂದೆ ಹರ್ನಿಯಾ ಆಪರೇಷನ್‌ಗೆ ಹೋದರೂ ಅರಿವಳಿಕೆ ವೈದ್ಯರಿಗೆ ಈ ವಿಷಯ ಹೇಳಲೇಬೇಕು. ಇದನ್ನು ಕೇಳಿ ಯಾರೂ ಆಮ್ಲಜನಕಕ್ಕೇ ಹೆದರುವುದು ಬೇಡ. ಉಸಿರು ಕಟ್ಟಿದಾಗ ಆಮ್ಲಜನಕ ಬೇಕೇ ಬೇಕು. ಎಷ್ಟು ಬೇಕೋ ಅಷ್ಟೇ ಕೊಡಬೇಕು, ಅದಕ್ಕಿಂತ ಹೆಚ್ಚು ಬೇಡ ಎಂಬುದಷ್ಟೇ ಇಲ್ಲಿನ ಮಾತು.

ಅಪಾಯ ತಿಳಿದ ಮೇಲೆ ವೈದ್ಯಲೋಕ ಕೈಕಟ್ಟಿ ಕುಳಿತಿಲ್ಲ. ಸೈಕಲ್ ಪಟು ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್‌ಗೆ 1996ರಲ್ಲಿ ವೃಷಣದ ಕ್ಯಾನ್ಸರ್ ಪತ್ತೆಯಾದಾಗ ಅದು ಶ್ವಾಸಕೋಶಕ್ಕೂ ಮಿದುಳಿಗೂ ಹರಡಿತ್ತು. ಮೊದಲ ಸುತ್ತಿನ ಬಳಿಕ ಇಂಡಿಯಾನಾದ ವೈದ್ಯರು ಬ್ಲಿಯೋಮೈಸಿನ್ ಕೈಬಿಟ್ಟು, ಬದಲಿಗೆ ಐಫಾಸ್ಫಮೈಡ್ ಸೇರಿದ ಚಿಕಿತ್ಸೆ ಕೊಟ್ಟರು. ಉಸಿರನ್ನೇ ನಂಬಿ ಬದುಕುವ ಕ್ರೀಡಾಪಟುವಿನ ಶ್ವಾಸಕೋಶ ಉಳಿಸುವುದು ಅದರ ಉದ್ದೇಶ. ಮುಂದೆ ಆತ ಗೆದ್ದದ್ದು, ಉದ್ದೀಪನ ಮದ್ದಿನ ಕಾರಣಕ್ಕೆ ಆ ಪ್ರಶಸ್ತಿಗಳನ್ನು ಕಳೆದುಕೊಂಡದ್ದು ಬೇರೆ ಕಥೆ. ಬದಲಿ ಔಷಧಿಯೂ ಪುಕ್ಕಟೆಯಲ್ಲ. ಅದು ಮೂಳೆಮಜ್ಜೆಗೂ ಮೂತ್ರಕೋಶಕ್ಕೂ ಹೆಚ್ಚು ಕಾಟ ಕೊಡುತ್ತದೆ. ಯಾವ ಅಂಗದ ಮೇಲೆ ಭಾರ ಹಾಕಬೇಕು ಎಂಬುದನ್ನು ರೋಗಿಯ ಬದುಕು, ಕಸುಬು ನೋಡಿ ನಿರ್ಧರಿಸಬೇಕಾಗುತ್ತದೆ.

ಹಾಡ್ಜ್‌ಕಿನ್ ಲಿಂಫೋಮಾದಲ್ಲಿ ಇನ್ನೂ ಒಳ್ಳೆಯ ದಾರಿ ಸಿಕ್ಕಿದೆ. ಬ್ರಿಟನ್ನಿನ ನೇತೃತ್ವದಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಅಧ್ಯಯನದ ಫಲಿತಾಂಶ 2016ರಲ್ಲಿ ಹೊರಬಂತು. ಎರಡು ಸುತ್ತು ಕೀಮೋ ಆದ ಮೇಲೆ ಪೆಟ್ ಸ್ಕ್ಯಾನ್ ಮಾಡಿ, ಕಾಯಿಲೆ ಕಾಣದವರಲ್ಲಿ ಅರ್ಧ ಮಂದಿಗೆ ಬ್ಲಿಯೋಮೈಸಿನ್ ನಿಲ್ಲಿಸಿ ಉಳಿದ ಮೂರು ಔಷಧಿ ಮುಂದುವರಿಸಿದರು. ಮೂರು ವರ್ಷದ ಬಳಿಕ ಕಾಯಿಲೆ ಮರುಕಳಿಸದೆ ಇದ್ದವರು ನಾಲ್ಕೂ ಔಷಧಿ ಪಡೆದವರಲ್ಲಿ ನೂರಕ್ಕೆ 85.7, ಬಿಟ್ಟವರಲ್ಲಿ 84.4. ಬಹುಪಾಲು ಸಮ. ಶ್ವಾಸಕೋಶದ ತೊಂದರೆ ಮಾತ್ರ ಬಿಟ್ಟವರಲ್ಲಿ ಕಡಿಮೆ. ಹಾಗಾಗಿ ಎರಡು ಸುತ್ತಿನ ನಂತರ ‘ಇನ್ನು ಬ್ಲಿಯೋಮೈಸಿನ್ ಬೇಕೇ ಡಾಕ್ಟ್ರೇ?’ ಎಂದು ಕೇಳುವುದು ಅಧಿಕಪ್ರಸಂಗವಲ್ಲ.

ಬ್ಲಿಯೋಮೈಸಿನ್ ಒಂದೇ ಅಲ್ಲ. ರಕ್ತಕ್ಯಾನ್ಸರಿಗೆ ಕೊಡುತ್ತಿದ್ದ ಬುಸಲ್ಫಾನ್‌ನಿಂದ ಶ್ವಾಸಕೋಶ ಕೆಡುವುದು 1961ರಲ್ಲಿಯೇ ವರದಿಯಾಗಿತ್ತು. ಕೀಲುವಾತಕ್ಕೂ ನುಂಗುವ ಮೆಥೊಟ್ರೆಕ್ಸೇಟ್, ಮೈಟೊಮೈಸಿನ್, ಜೆಮ್‌ಸಿಟಾಬಿನ್ ಈ ಸಾಲಿನಲ್ಲಿವೆ. ಮಿದುಳಿನ ಗಡ್ಡೆಗೆ ಬಳಸುವ ಕಾರ್ಮಸ್ಟಿನ್ ಎಲ್ಲಕ್ಕಿಂತ ದೀರ್ಘ ದ್ವೇಷದ್ದು. ಬಾಲ್ಯದಲ್ಲಿ ಅದನ್ನು ಪಡೆದು ಗುಣವಾದವರ ಶ್ವಾಸಕೋಶದಲ್ಲಿ ಹದಿನೇಳು ವರ್ಷಗಳ ನಂತರವೂ ನಾರುಗಟ್ಟುವುದು ನಡೆದೇ ಇತ್ತೆಂದು 1990ರ ವರದಿಯೊಂದು ತೋರಿಸಿತು. ಹೊಸ ಕಾಲದ ಮಾತ್ರೆಗಳೂ ಹೊರತಲ್ಲ. ಜಿಫಿಟಿನಿಬ್ ಎಂಬ ಮಾತ್ರೆಗೆ ಜಪಾನ್ 2002ರ ಜುಲೈನಲ್ಲಿ ಒಪ್ಪಿಗೆ ಕೊಟ್ಟು, ಅಕ್ಟೋಬರ್ ಹೊತ್ತಿಗೆ ಶ್ವಾಸಕೋಶದ ಉರಿಯೂತದ ಬಗ್ಗೆ ತುರ್ತು ಎಚ್ಚರಿಕೆ ಹೊರಡಿಸಬೇಕಾಯಿತು. ಸ್ತನ ಕ್ಯಾನ್ಸರಿಗೆ ಈಗ ಕೊಡುವ ಟ್ರಾಸ್ಟುಜುಮಾಬ್ ಡೆರುಕ್ಸ್‌ಟೆಕಾನ್ ಆಗಲಿ, ಇಮ್ಯುನೋಥೆರಪಿ ಇಂಜೆಕ್ಷನ್‌ಗಳಾಗಲಿ ಕೆಲವರ ಶ್ವಾಸಕೋಶವನ್ನು ಕೆಣಕುತ್ತವೆ. ‘ಇದು ಕೀಮೋ ಅಲ್ಲ, ಮಾತ್ರೆ ಅಷ್ಟೇ’ ಎಂದು ಮೈಮರೆಯುವಂತಿಲ್ಲ.

ತೊಂದರೆ ಗೊತ್ತಾದ ಮೇಲೆ ಏನು ಮಾಡುತ್ತಾರೆ? ಮೊದಲು ಕಾರಣವಾದ ಔಷಧಿ ನಿಲ್ಲಿಸುತ್ತಾರೆ. ಅದನ್ನು ನಿರ್ಧರಿಸುವುದು ಕ್ಯಾನ್ಸರ್ ವೈದ್ಯರ ಕೆಲಸ, ರೋಗಿ ತಾನಾಗಿ ಕೀಮೋ ತಪ್ಪಿಸಬಾರದು. ಉರಿಯೂತ ಹೆಚ್ಚಿದ್ದರೆ ಸ್ಟೀರಾಯ್ಡ್ ಕೊಡುತ್ತಾರೆ. ನಾರುಗಟ್ಟುವ ಮೊದಲು ಕೊಟ್ಟರೆ ಹಲವರಲ್ಲಿ ಒಳ್ಳೆಯ ಫಲವಿದೆ. ಇಲ್ಲಿ ನಡೆಯುವ ತಪ್ಪು ಒಂದೇ. ಎರಡು ವಾರಕ್ಕೆ ಕೆಮ್ಮು ಇಳಿಯಿತೆಂದು, ಸಕ್ಕರೆ ಏರಿತೆಂದು, ಮುಖ ಊದಿತೆಂದು ಮಾತ್ರೆಯನ್ನು ಫಟ್ಟನೆ ನಿಲ್ಲಿಸಿಬಿಡುತ್ತಾರೆ. ಸ್ಟೀರಾಯ್ಡನ್ನು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಮೆಲ್ಲಮೆಲ್ಲಗೆ ಇಳಿಸಬೇಕು. ಇಲ್ಲವಾದರೆ ಕಾಯಿಲೆ ತಿರುಗಿ ಬೀಳುತ್ತದೆ. ಆ ಗೂಡ್ಸ್ ಆಟೋದವರು ವೈದ್ಯರು ಹೇಳಿದಷ್ಟು ದಿನ ಮಾತ್ರೆ ನುಂಗಿದರು. ಮೊದಲಿನಷ್ಟು ಭಾರ ಎತ್ತಲಾಗುವುದಿಲ್ಲ, ಆದರೆ ಗಾಡಿ ಓಡಿಸುತ್ತಿದ್ದಾರೆ.

ಬ್ಲಿಯೋಮೈಸಿನ್‌ನಿಂದ ಇನ್ನೊಂದು ಕೆಲಸವೂ ಆಗಿದೆ. ಪ್ರಪಂಚದ ಪ್ರಯೋಗಾಲಯಗಳಲ್ಲಿ ಶ್ವಾಸಕೋಶ ನಾರುಗಟ್ಟುವ ಕಾಯಿಲೆಯನ್ನು ಅಭ್ಯಸಿಸಬೇಕಾದರೆ ಇಲಿಗಳಿಗೆ ಬ್ಲಿಯೋಮೈಸಿನ್ ಕೊಟ್ಟು ಆ ಸ್ಥಿತಿ ತರುತ್ತಾರೆ. ಕಾರಣ ತಿಳಿಯದೆ ನಾರುಗಟ್ಟುವ ಕಾಯಿಲೆಗೆ 2014ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಪಿರ್ಫೆನಿಡೋನ್ ಮತ್ತು ನಿಂಟೆಡಾನಿಬ್ ಎರಡನ್ನೂ ಹೀಗೆ ಪರೀಕ್ಷಿಸಿದ್ದರು. ಇವತ್ತು ನಮ್ಮ ಊರಿನ ಔಷಧಿ ಅಂಗಡಿಗಳಲ್ಲೂ ಅವು ಸಿಗುತ್ತವೆ.

ಕೊನೆಯದಾಗಿ ನಮ್ಮ ರಾಜ್ಯದ ಪರಿಸ್ಥಿತಿ. ಕಲಬುರಗಿಯಿಂದಲೋ ಕಾರವಾರದಿಂದಲೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬಂದು ಕೀಮೋ ಹಾಕಿಸಿಕೊಂಡು ರಾತ್ರಿ ಬಸ್ಸಿಗೆ ಊರಿಗೆ ಮರಳುವವರು ಸಾವಿರಾರು ಜನ. ಕೆಮ್ಮು ಶುರುವಾಗುವುದು ಊರಿನಲ್ಲಿ. ನೋಡುವವರು ಅಲ್ಲಿನ ಡಾಕ್ಟರು. ಅವರ ಮುಂದೆ ಕೀಮೋ ವಿಚಾರ ಬಾರದಿದ್ದರೆ ಅವರು ಕೆಮ್ಮಿಗೆ ಔಷಧಿ ಬರೆಯದೆ ಇನ್ನೇನು ಮಾಡಿಯಾರು? ಇಬ್ಬರು ವೈದ್ಯರ ನಡುವಿನ ದಾರಿಯಲ್ಲಿ ಸುದ್ದಿ ಹೊತ್ತು ತರಬಲ್ಲವರು ರೋಗಿ ಮತ್ತು ಮನೆಯವರು ಮಾತ್ರ.

ಆದ್ದರಿಂದ ಮನೆಯಲ್ಲಿ ಕೀಮೋ ಪಡೆದವರಿದ್ದರೆ, ಅದು ಹತ್ತು ವರ್ಷದ ಹಿಂದಿನ ಮಾತಾದರೂ ಸರಿ, ಫೈಲು ತೆಗೆದು ನೋಡಿ. ಕೊಟ್ಟ ಔಷಧಿಗಳ ಹೆಸರು, ಒಟ್ಟು ಪ್ರಮಾಣ, ಕೊನೆಯ ತಾರೀಖು, ಎದೆಗೆ ಕರೆಂಟು ಕೊಟ್ಟಿದ್ದರೆ ಅದನ್ನೂ ಒಂದು ಹಾಳೆಯಲ್ಲಿ ಬರೆಸಿ, ಮೊಬೈಲಿನಲ್ಲಿ ಫೋಟೋ ಹೊಡೆದಿಟ್ಟುಕೊಳ್ಳಿ. ಯಾವ ಡಾಕ್ಟರ ಹತ್ತಿರ ಹೋದರೂ, ಹಲ್ಲು ಕೀಳಿಸಲು ಹೋದರೂ ತೋರಿಸಿ. ಬೀಡಿ ಸಿಗರೇಟು ಬಿಡಿ. ಸೌದೆ ಒಲೆಯ ಹೊಗೆಯಿಂದ ದೂರವಿರಿ. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಬೀರುವಿನಲ್ಲಿದ್ದರೆ ಹೊರಗೆ ತೆಗೆಯಿರಿ. ಕುಳಿತಾಗ ಒಮ್ಮೆ, ಆರು ನಿಮಿಷ ನಡೆದ ಮೇಲೆ ಇನ್ನೊಮ್ಮೆ ನೋಡಿ. ನಾಲ್ಕು ಅಂಕಿ ಇಳಿದರೆ, ಅಥವಾ ಅಂಕಿ ಸರಿಯಿದ್ದೂ ಒಣಕೆಮ್ಮು ವಾರ ದಾಟಿದರೆ, ಮುಂದಿನ ತಪಾಸಣೆಯ ದಿನಕ್ಕೆ ಕಾಯಬೇಡಿ. ಕೀಮೋ ನಡುವೆ ಜ್ವರ ಬಂದರಂತೂ ಅದೇ ದಿನ ಆಸ್ಪತ್ರೆಗೆ ಹೋಗಿ.

ಕೀಮೋಗೆ ಹೆದರಿ ಚಿಕಿತ್ಸೆ ಬಿಡಿ ಎಂದು ನಾನು ಹೇಳುತ್ತಿಲ್ಲ. ಈ ಔಷಧಿಗಳಿಂದ ಬದುಕಿ, ಮದುವೆಯಾಗಿ, ಮಕ್ಕಳನ್ನು ಶಾಲೆಗೆ ಬಿಡುತ್ತಿರುವವರನ್ನು ದಿನವೂ ನೋಡುತ್ತೇನೆ. ಅವರು ಕೆಮ್ಮಿದರೆ, ಆ ಕೆಮ್ಮನ್ನು ವೈದ್ಯರಿಗೆ ಹೇಳಲಿ. ಅಷ್ಟೇ ನನ್ನ ಕೋರಿಕೆ.